ಕಥೆ ವಿಮಾನದಲ್ಲಿ ಮುಗಿಯುವುದಿಲ್ಲ

ನಿನ್ನೆ ಮಧ್ಯಾಹ್ನ ನಮ್ಮ ಲಂಡನ್ ಆಫೀಸಿನಲ್ಲಿ ಎರಡು ಗಂಟೆಯ ತರಬೇತಿಯೊಂದಿತ್ತು. ಹೊಸ ಸರಕನ್ನು ಮಾರುಕಟ್ಟೆಗೆ ಬಿಡುವಾಗ ಯಾವ ಯಾವ ತಪ್ಪುಗಳನ್ನು ಮಾಡಬಾರದು ಎಂಬುದು ವಿಷಯ. ಊಟವಾದ ಕೂಡಲೇ ಇಟ್ಟುಕೊಂಡ ತರಬೇತಿಯಾದ್ದರಿಂದ ನಾನು ಅರ್ಧ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದೆ. ಆಗ ಪರದೆಯ ಮೇಲೆ ಉದ್ದಗೂದಲಿನ ನಾಲ್ವರು ಹುಡುಗರ ಕಪ್ಪುಬಿಳುಪು ಫೋಟೋ ಮೂಡಿತು. ಅದರ ಕೆಳಗೆ ಬ್ರಿನ್ಸ್ಲಿ ಶ್ವಾರ್ಟ್ಸ್, 1970 ಎಂದು ಬರೆದಿತ್ತು. ಇಂಗ್ಲೆಂಡಿನ ಹಳೆಯ ರಾಕ್ ತಂಡವೊಂದರ ಹೆಸರು ಅದು. ನಿದ್ದೆ ಹಾರಿಹೋಯಿತು. ಹದಿನಾಲ್ಕು ವರ್ಷದಿಂದ ಈ ಊರಿನಲ್ಲಿದ್ದೇನೆ, ಹಳೆಯ ರೆಕಾರ್ಡುಗಳ ನನ್ನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಆದರೂ ನಾನಾಗಿಯೇ ಎತ್ತದೆ ಇನ್ನೊಬ್ಬರ ಬಾಯಲ್ಲಿ ಆ ಹೆಸರನ್ನು ಕೇಳಿದ್ದು ಬೆರಳೆಣಿಕೆಯಷ್ಟು ಸಲ. ನನಗಾದ ಸಂತೋಷವನ್ನು ಹೇಳಲಾರೆ. ಆದರೆ ಆ ಸಂತೋಷ ಐದು ನಿಮಿಷವೂ ಉಳಿಯಲಿಲ್ಲ, ಯಾಕೆಂದರೆ ತರಬೇತಿಗೆ ಬಂದಿದ್ದ ಮಹಾಶಯರು ಹೇಳಲು ಹೊರಟದ್ದು ವಿಮಾನದ ಕಥೆಯನ್ನು.

ಆ ಕಥೆಯಲ್ಲಿ ಸುಳ್ಳೇನೂ ಇಲ್ಲ, ಗೊತ್ತಿಲ್ಲದವರಿಗಾಗಿ ನಾನೂ ಹೇಳಿಬಿಡುತ್ತೇನೆ. ಕೆಂಟ್ ಪ್ರಾಂತ್ಯದ ಟನ್‌ಬ್ರಿಜ್ ವೆಲ್ಸ್ ಊರಿನ ಕಿಪಿಂಗ್‌ಟನ್ ಲಾಡ್ಜ್ ಎಂಬ ತಂಡವು 1967ರಿಂದ 1969ರವರೆಗೆ ಪಾರ್ಲೋಫೋನ್ ರೆಕಾರ್ಡ್ ಕಂಪನಿಗೆ ಐದು ಸಿಂಗಲ್‌ಗಳನ್ನು (ಬಿಡಿ ಹಾಡಿನ ರೆಕಾರ್ಡುಗಳನ್ನು) ಹಾಡಿಕೊಟ್ಟಿತು. ಐದೂ ಮಕಾಡೆ ಮಲಗಿದವು. ಬಳಿಕ ಅವರು ಗಿಟಾರ್ ನುಡಿಸುತ್ತಿದ್ದ ಬ್ರಿನ್ಸ್ಲಿ ಶ್ವಾರ್ಟ್ಸ್ ಎಂಬ ಹುಡುಗನ ಹೆಸರನ್ನೇ ತಂಡಕ್ಕೂ ಇಟ್ಟುಕೊಂಡು, ಫೇಮ್‌ಪುಶರ್ಸ್ ಎಂಬ ಏಜೆನ್ಸಿಯನ್ನು ಸೇರಿದರು. (ಖ್ಯಾತಿಯನ್ನು ತಳ್ಳುವವರು ಎಂದು ತಮ್ಮನ್ನು ತಾವೇ ಕರೆದುಕೊಂಡವರ ಕೈಗೆ ಜುಟ್ಟು ಕೊಟ್ಟರೆ ಏನಾಗಬೇಕೋ ಅದೇ ಆಯಿತು.) ಮ್ಯಾನೇಜರ್ ಡೇವ್ ರಾಬಿನ್ಸನ್ ಐರ್ಲೆಂಡಿನವನು, ಮಾತಿನಲ್ಲಿ ಮನೆ ಕಟ್ಟಬಲ್ಲವನು. 1970ರ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನಲ್ಲೇ ಯಾರೂ ಸರಿಯಾಗಿ ಕೇಳಿರದ ಈ ತಂಡವನ್ನು ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ರಂಗಮಂದಿರದಲ್ಲಿ ಗಾಯಕ ವ್ಯಾನ್ ಮಾರಿಸನ್ ಮತ್ತು ಕ್ವಿಕ್‌ಸಿಲ್ವರ್ ಮೆಸೆಂಜರ್ ಸರ್ವಿಸ್ ತಂಡಕ್ಕಿಂತ ಮೊದಲು ಹಾಡಿಸುವುದು, ಅದನ್ನು ನೋಡಿ ಹೊಗಳಿ ಬರೆಯಲೆಂದು ಬ್ರಿಟನ್ನಿನ ಪತ್ರಕರ್ತರನ್ನು ಒಂದು ವಿಮಾನದ ತುಂಬ ಅಲ್ಲಿಗೆ ಕರೆದುಕೊಂಡು ಹೋಗುವುದು, ಇದು ಅವರ ಯೋಜನೆ. ತಂಡಕ್ಕೆ ಹೊತ್ತಿಗೆ ಸರಿಯಾಗಿ ವೀಸಾ ಸಿಗಲಿಲ್ಲ. ಕೆನಡಾ ಸುತ್ತಿ ಬಳಸಿ ಕೊನೆ ಗಳಿಗೆಯಲ್ಲಿ ತಲುಪಿ, ಬಾಡಿಗೆಗೆ ತಂದ ಸಲಕರಣೆಗಳಲ್ಲಿ ನುಡಿಸಬೇಕಾಯಿತು. ಪತ್ರಕರ್ತರ ವಿಮಾನವೂ ಗಂಟೆಗಟ್ಟಲೆ ತಡವಾಗಿ, ಪುಕ್ಕಟೆ ಮದ್ಯದ ಅಮಲಿನಲ್ಲೋ ಅದು ಇಳಿದ ಮೇಲಿನ ತಲೆನೋವಿನಲ್ಲೋ ಅವರು ಸಭಾಂಗಣದಲ್ಲಿ ಕುಳಿತರು. ಊರಿಗೆ ಮರಳಿ ಅವರು ಬರೆದದ್ದನ್ನು ಓದಿದ ಮೇಲೆ ಆ ನಾಲ್ವರಿಗೆ ಹೊರಗೆ ಮುಖ ತೋರಿಸುವುದೂ ಕಷ್ಟವಾಗಿರಬೇಕು.

ನಮ್ಮ ಮಹಾಶಯರು ಇಲ್ಲಿಯವರೆಗೆ ಸೊಗಸಾಗಿಯೇ ಹೇಳಿದರು. ಎಲ್ಲರೂ ನಕ್ಕರು. ಸರಕಿಗಿಂತ ಪ್ರಚಾರ ಮುಂದೆ ಓಡಬಾರದು ಎಂದು ಅವರು ಬೆರಳೆತ್ತಿ ಹೇಳಿದರು. ಮುಂದಿನ ಸ್ಲೈಡ್ ಯಾವುದೋ ತಂಪು ಪಾನೀಯದ್ದು.

ನನ್ನ ಸಿಟ್ಟು ಇರುವುದು ಆ ಮುಂದಿನ ಸ್ಲೈಡಿನ ಮೇಲೆ. ಕಥೆಯನ್ನು ವಿಮಾನದಲ್ಲಿಯೇ ಬಿಟ್ಟು ಇವರು ಹೇಗೆ ಎದ್ದು ಹೋಗುತ್ತಾರೆ? ಆ ತಂಡ 1970ರ ಏಪ್ರಿಲ್‌ನಲ್ಲಿ ಸತ್ತಿರಲಿಲ್ಲ. ಅದು ಒಡೆದದ್ದು 1975ರ ಮಾರ್ಚ್‌ನಲ್ಲಿ. ನಡುವಿನ ಐದು ವರ್ಷ ಅವರೇನು ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಕುಳಿತು ಅಳುತ್ತಿದ್ದರೇ?

ಅವರು ಮಾಡಿದ ಮೊದಲ ಕೆಲಸವೆಂದರೆ ಲಂಡನ್ನಿನ ವಾಯವ್ಯ ಅಂಚಿನ ನಾರ್ತ್‌ವುಡ್‌ನಲ್ಲಿ ಒಂದು ಮನೆ ಹಿಡಿದು, ಒಂದೇ ಅವಿಭಕ್ತ ಕುಟುಂಬದಂತೆ ಬದುಕುತ್ತ, ದಿನವೂ ಅಭ್ಯಾಸ ಮಾಡಿದ್ದು. ತಲೆಯ ಮೇಲೆ ಸಾಲವಿತ್ತು, ಪತ್ರಿಕೆಯವರ ಕುಹಕವಿತ್ತು. ಆ ಮನೆಯಲ್ಲಿ ಅವರು ತಮ್ಮ ಹಾಡುಗಳ ಕೊಬ್ಬನ್ನು ಇಳಿಸಿದರು. ಹತ್ತು ನಿಮಿಷ ಎಳೆಯುವ ಗಿಟಾರ್ ಆಲಾಪಗಳು ಹೋದವು. ಮೂರು ನಿಮಿಷದ, ಹಳ್ಳಿಗಾಡಿನ ಘಮವಿರುವ ಹಾಡುಗಳು ಬಂದವು. 1972ರಲ್ಲಿ ಬಂದ ‘ಸಿಲ್ವರ್ ಪಿಸ್ಟಲ್’ ಆಲ್ಬಮ್ಮನ್ನು ಅವರು ಸ್ಟುಡಿಯೋಗೆ ಹೋಗದೆ ಅದೇ ಮನೆಯಲ್ಲಿ ಮುದ್ರಿಸಿಕೊಂಡರು. ಕೇಳಿ ನೋಡಿ, ಯಾರನ್ನೋ ಮೆಚ್ಚಿಸಬೇಕೆಂಬ ಆತಂಕವೇ ಇಲ್ಲದ ಐವರು (ಅಷ್ಟು ಹೊತ್ತಿಗೆ ಇಯನ್ ಗಾಮ್ ಬಂದು ಸೇರಿದ್ದ) ಒಂದು ಕೋಣೆಯಲ್ಲಿ ಕುಳಿತು ಹಾಡುತ್ತಿರುವುದು ಕಿವಿಗೆ ಕಾಣುತ್ತದೆ.

ಇನ್ನು ಪಬ್ಬಿನ ವಿಷಯ. ನನಗೆ ಎಷ್ಟು ಹೇಳಿದರೂ ಸಾಲದ ಭಾಗ ಇದು. ಕೆಂಟಿಶ್ ಟೌನ್‌ನಲ್ಲಿ ಟ್ಯಾಲಿ ಹೋ ಎಂಬ ಪಬ್ ಇತ್ತು, ಅಲ್ಲಿ ಜಾಝ್ ಬಿಟ್ಟು ಬೇರೇನನ್ನೂ ನುಡಿಸಲು ಬಿಡುತ್ತಿರಲಿಲ್ಲ. ಎಗ್ಸ್ ಓವರ್ ಈಸಿ ಎಂಬ ಅಮೆರಿಕದ ಪುಟ್ಟ ತಂಡವೊಂದು ರೆಕಾರ್ಡಿಂಗಿಗೆಂದು ಲಂಡನ್ನಿಗೆ ಬಂದು, ಆ ಕೆಲಸ ಹಳ್ಳ ಹಿಡಿದು, ಹೊಟ್ಟೆಪಾಡಿಗಾಗಿ 1971ರ ಮೇ ತಿಂಗಳಲ್ಲಿ ಆ ಪಬ್ಬಿನ ಯಜಮಾನನ ಮನವೊಲಿಸಿ ವಾರದಲ್ಲಿ ಒಂದು ರಾತ್ರಿ ನುಡಿಸತೊಡಗಿತು. ಕುಡಿಯಲು ಬಂದವರು ಯಾವ ಹಾಡು ಕೇಳಿದರೂ ಇವರಿಗೆ ಬರುತ್ತಿತ್ತು. ರಾಬಿನ್ಸನ್ ಮತ್ತು ಬೇಸ್ ಗಿಟಾರ್ ನುಡಿಸಿ ಹಾಡುತ್ತಿದ್ದ ನಿಕ್ ಲೋ ಅಲ್ಲಿಗೆ ಹೋಗಿ ಅವರನ್ನು ಕೇಳಿ ದಂಗಾದರು. ಹೊಗೆಯಂತ್ರವಿಲ್ಲ, ಎತ್ತರದ ವೇದಿಕೆಯಿಲ್ಲ, ಗೋಡೆಯಷ್ಟು ದೊಡ್ಡ ಸ್ಪೀಕರುಗಳಿಲ್ಲ. ಮೂಲೆಯಲ್ಲಿ ನಿಂತು, ಕೈಯಳತೆಯ ದೂರದಲ್ಲಿ ಬಿಯರ್ ಕುಡಿಯುತ್ತಿರುವವನ ಕಾಲು ಕುಣಿಯುವ ಹಾಗೆ ನುಡಿಸಿದರೆ ಮುಗಿಯಿತು. 1972ರ ಆರಂಭದಲ್ಲಿ ಬ್ರಿನ್ಸ್ಲಿಗಳೂ ಅದೇ ಪಬ್ಬಿಗೆ ಇಳಿದರು.

ಅವರು ಇಳಿದದ್ದೇ ತಡ, ಹಿಂದೆಯೇ ಉಳಿದ ತಂಡಗಳು ಬಂದವು: ಬೀಸ್ ಮೇಕ್ ಹನಿ, ಚಿಲ್ಲಿ ವಿಲ್ಲಿ, ಇಯನ್ ಡ್ಯೂರಿಯ ಕಿಲ್ಬರ್ನ್ ಅಂಡ್ ದ ಹೈ ರೋಡ್ಸ್, ಬ್ರಿನ್ಸ್ಲಿಗಳ ಸಾಮಾನು ಹೊರುತ್ತಿದ್ದ ಮಾರ್ಟಿನ್ ಬೆಲ್ಮಾಂಟ್ ಸೇರಿ ಕಟ್ಟಿದ ಡಕ್ಸ್ ಡಿಲಕ್ಸ್. ಇಸ್ಲಿಂಗ್ಟನ್ನಿನ ಹೋಪ್ ಅಂಡ್ ಆ್ಯಂಕರ್‌ನಂಥ ಪಬ್ಬುಗಳಲ್ಲಿ ವಾರಪೂರ್ತಿ ಹಾಡು. ಪತ್ರಿಕೆಗಳು ಅದಕ್ಕೆ ಪಬ್ ರಾಕ್ ಎಂದು ಹೆಸರಿಟ್ಟವು. ಹುಸಿ ವೈಭವದ ಹೆಸರಿನಲ್ಲಿ ನಗೆಪಾಟಲಾಗಿದ್ದ ತಂಡವೇ, ವೈಭವ ಬೇಡ ಎಂದವರೆಲ್ಲ ಹಿಂಬಾಲಿಸುವ ತಂಡವಾಯಿತು. ತರಬೇತಿಯ ಸ್ಲೈಡಿಗೆ ಇದಕ್ಕಿಂತ ಒಳ್ಳೆಯ ಸರಕು ಬೇಕೇ ಸ್ವಾಮಿ?

ನನ್ನ ಬಳಿ ಅವರ ‘ನರ್ವಸ್ ಆನ್ ದ ರೋಡ್’ ಎಲ್‌ಪಿಯ ಹಳೆಯ ಪ್ರತಿಯಿದೆ. ಒಂದು ಚಾರಿಟಿ ಅಂಗಡಿಯ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿ, ಕ್ರಿಸ್ಮಸ್ ಹಾಡುಗಳ ನಡುವೆ ಎರಡು ಪೌಂಡಿಗೆ ಸಿಕ್ಕಿತು. ಹೊದಿಕೆಯ ಹಿಂಬದಿಯಲ್ಲಿ ಯಾರೋ ಬಿಯರ್ ಗ್ಲಾಸು ಇಟ್ಟ ದುಂಡನೆಯ ಕಂದು ಗುರುತಿದೆ. ಮನೆಯಾಕೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಹೋದಾಗ ನಾನು ಕಿರುಚಿದ ಕಥೆಯನ್ನು ನಮ್ಮ ಮನೆಗೆ ಬಂದವರೆಲ್ಲ ಕೇಳಿದ್ದೀರಿ. ಆ ಗುರುತಿನ ಮೇಲೆ ಬೆರಳಾಡಿಸಿದರೆ ರಟ್ಟು ಸ್ವಲ್ಪ ಉಬ್ಬಿರುವುದು ತಿಳಿಯುತ್ತದೆ. ಈ ರೆಕಾರ್ಡಿಗೆ ಇದಕ್ಕಿಂತ ತಕ್ಕ ಮುದ್ರೆ ಇನ್ನಾವುದಿದೆ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನನಗೆ ಗೊತ್ತು. ಆರು ಆಲ್ಬಮ್ ಮಾಡಿದರಲ್ಲ, ಒಂದಾದರೂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಕಾಣಿಸಿತೇ? ಇಲ್ಲ. 1973ರಲ್ಲಿ ಪಾಲ್ ಮೆಕಾರ್ಟ್ನಿಯ ವಿಂಗ್ಸ್ ತಂಡದ ಪ್ರವಾಸದಲ್ಲಿ ಮೊದಲು ಹಾಡುವ ಅವಕಾಶ ಸಿಕ್ಕಿತಲ್ಲ, ಅದರಿಂದ ಭಾಗ್ಯ ತೆರೆಯಿತೇ? ಇಲ್ಲ. ಬೀಟಲ್ಸ್ ಹಾಡುಗಳನ್ನು ಬೇರೆ ಬೇರೆ ಸುಳ್ಳು ಹೆಸರುಗಳಲ್ಲಿ ಹಾಡಿ ಬಿಟ್ಟರಲ್ಲ, ಅವಾದರೂ ಓಡಿದವೇ? ಅವೂ ಇಲ್ಲ. ಹಾಗಾದರೆ ಸೋತ ತಂಡವನ್ನು ಸೋತ ತಂಡ ಎನ್ನುವುದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಸೋತರು ಎನ್ನಿ, ನನ್ನ ಅಭ್ಯಂತರವಿಲ್ಲ. ಆದರೆ ವಿಮಾನದಿಂದ ಸೋತರು ಎನ್ನಬೇಡಿ. ವಿಮಾನದ ಅವಮಾನ ಅವರನ್ನು ಕೊಂದಿದ್ದರೆ ಪಬ್ಬಿನ ಮೂಲೆಯಲ್ಲಿ ನಿಲ್ಲಲು ಅವರಿಗೆ ಧೈರ್ಯವೇ ಬರುತ್ತಿರಲಿಲ್ಲ. ಆ ಅವಮಾನವಾಗದಿದ್ದರೆ ಅವರು ಪಬ್ಬಿಗೆ ಬರುತ್ತಲೇ ಇರಲಿಲ್ಲ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಮಾರಾಟದ ಲೆಕ್ಕವೇ ಬೇಕೆನ್ನುವವರಿಗೆ ಅದನ್ನೂ ಕೊಡೋಣ. 1974ರ ಕೊನೆಯ ಆಲ್ಬಮ್ಮಿನಲ್ಲಿ ನಿಕ್ ಲೋ ಬರೆದ, ಶಾಂತಿ ಪ್ರೀತಿ ತಿಳಿವಳಿಕೆಗಳಲ್ಲಿ ನಗುವಂಥದ್ದೇನಿದೆ ಎಂದು ಕೇಳುವ ಹಾಡೊಂದಿದೆ. ಆಗ ಯಾರೂ ಅದನ್ನು ಮೂಸಿ ನೋಡಲಿಲ್ಲ. ಬ್ರಿನ್ಸ್ಲಿಗಳ ಹಿಂದೆ ಬಿದ್ದಿದ್ದ ಹುಡುಗನೊಬ್ಬ ಮುಂದೆ ಎಲ್ವಿಸ್ ಕಾಸ್ಟೆಲೊ ಎಂಬ ಹೆಸರಿನಲ್ಲಿ 1978ರಲ್ಲಿ ಅದನ್ನು ಹಾಡಿದ. 1992ರಲ್ಲಿ ಕರ್ಟಿಸ್ ಸ್ಟೈಗರ್ಸ್ ಹಾಡಿದ್ದು ‘ದ ಬಾಡಿಗಾರ್ಡ್’ ಚಿತ್ರದ ಧ್ವನಿಮುದ್ರಿಕೆಯಲ್ಲಿ ಸೇರಿ ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು, ಲೋ ಕೈಗೆ ಬರಬೇಕಾದ ಹಣ ಹದಿನೆಂಟು ವರ್ಷ ತಡವಾಗಿ ಬಂತು. ರಾಬಿನ್ಸನ್ 1976ರಲ್ಲಿ ಜೇಕ್ ರಿವಿಯೆರಾ ಜೊತೆ ಸ್ಟಿಫ್ ರೆಕಾರ್ಡ್ಸ್ ಎಂಬ ರೆಕಾರ್ಡ್ ಕಂಪನಿ ತೆರೆದ. ಅದರ ಮೊದಲ ರೆಕಾರ್ಡು ನಿಕ್ ಲೋನದು. ಅದೇ ವರ್ಷ ಅದೇ ಲೋ ನಿರ್ಮಾಪಕನ ಕುರ್ಚಿಯಲ್ಲಿ ಕುಳಿತು ದ ಡ್ಯಾಮ್ಡ್ ತಂಡದ ಮೊದಲ ಸಿಂಗಲ್ ಮಾಡಿಸಿದ, ಬ್ರಿಟನ್ನಿನ ಮೊದಲ ಪಂಕ್ (ಒರಟು, ಬಂಡುಕೋರ ರಾಕ್) ಸಿಂಗಲ್ ಎಂದು ಎಲ್ಲರೂ ಹೇಳುವುದು ಅದನ್ನೇ. ಬ್ರಿನ್ಸ್ಲಿ ಶ್ವಾರ್ಟ್ಸ್ ಮತ್ತು ಕೀಬೋರ್ಡಿನ ಬಾಬ್ ಆಂಡ್ರೂಸ್ ಇಬ್ಬರೂ ಗಾಯಕ ಗ್ರಹಾಂ ಪಾರ್ಕರ್‌ನ ಬೆನ್ನಿಗೆ ನಿಂತ ದ ರೂಮರ್ ತಂಡದಲ್ಲಿ ಸೇರಿದರು. ಲೋ ಮತ್ತು ಗಾಮ್ ಜೊತೆಯಾಗಿ ಬರೆದ ಹಾಡೊಂದು 1979ರಲ್ಲಿ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಹನ್ನೆರಡನೆಯ ಸ್ಥಾನಕ್ಕೆ ಏರಿತು. ಒಂಬತ್ತು ವರ್ಷ ಹಿಂದೆ ವಿಮಾನದ ತುಂಬ ಪತ್ರಕರ್ತರನ್ನು ಹೊತ್ತರೂ ಗೆಲ್ಲಲಾಗದ ಅಮೆರಿಕದಲ್ಲಿಯೂ!

ಇಷ್ಟೆಲ್ಲ ಹೇಳಿ, ಈಗ ಒಂದು ತಪ್ಪೊಪ್ಪಿಗೆ. ಈ ವಿಮಾನದ ಕಥೆಯನ್ನು ನಾನೂ ಹೇಳುತ್ತಿದ್ದೆ. ಲಂಡನ್ನಿಗೆ ಬಂದ ಹೊಸದರಲ್ಲಿ, ಇಲ್ಲಿನ ಸಹೋದ್ಯೋಗಿಗಳ ನಡುವೆ ಬಾಯಿ ಬಿಡಲು ಹಿಂಜರಿಯುತ್ತಿದ್ದ ದಿನಗಳಲ್ಲಿ, ಅವರದೇ ದೇಶದ ಮರೆತುಹೋದ ತಂಡವೊಂದರ ಕಥೆ ಹೇಳಿ ಅವರನ್ನು ನಗಿಸಬಹುದು ಎಂದು ತಿಳಿದಾಗ ಆದ ಹೆಮ್ಮೆ ನನಗಿನ್ನೂ ನೆನಪಿದೆ. ಪತ್ರಕರ್ತರ ಕುಡಿತದ ಭಾಗಕ್ಕೆ ಬಂದಾಗ ದನಿ ತಗ್ಗಿಸುವುದು, ವೀಸಾದ ಮಾತಿಗೆ ಬಂದಾಗ ನನ್ನ ಪಾಸ್‌ಪೋರ್ಟಿನ ಕಷ್ಟವನ್ನೂ ಸೇರಿಸುವುದು, ಇದೆಲ್ಲ ನನಗೆ ಕರಗತವಾಗಿತ್ತು. ನಾನೂ ಅಲ್ಲಿಯೇ ನಿಲ್ಲಿಸುತ್ತಿದ್ದೆ, ಯಾಕೆಂದರೆ ನಗು ಬರುವುದು ಅಲ್ಲಿ. ಪಬ್ಬಿನ ಮೂರು ವರ್ಷ ಹೇಳಲು ಹೋದರೆ ಜನ ಗ್ಲಾಸು ಹಿಡಿದು ಪಕ್ಕಕ್ಕೆ ಸರಿಯುತ್ತಿದ್ದರು. ಆದ್ದರಿಂದ ನಿನ್ನೆ ಬಂದ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದೇ ಇರಬಹುದು. ಇನ್ನರ್ಧವನ್ನು ಮಾತ್ರ ಆ ಮಹಾಶಯರಿಗೆ ಬಿಟ್ಟುಕೊಡಲಾರೆ, ಯಾಕೆಂದರೆ ನಾನು ಅದಕ್ಕೆ ಸಂಬಳ ತೆಗೆದುಕೊಳ್ಳುತ್ತಿರಲಿಲ್ಲ.

ತರಬೇತಿ ಮುಗಿದ ಮೇಲೆ ಅವರ ಬಳಿ ಹೋಗಿ, ಆದಷ್ಟು ವಿನಯದಿಂದಲೇ, ಆ ತಂಡ ಆ ಬಳಿಕ ಏನು ಮಾಡಿತು ಎಂದು ಹೇಳಿದೆ. ಲ್ಯಾಪ್‌ಟಾಪಿನ ವೈರು ಸುತ್ತುತ್ತಲೇ ಕೇಳಿಸಿಕೊಂಡು, ಹಾಗಾದರೆ ಕೊನೆಗೆ ಆ ತಂಡ ಪ್ರಸಿದ್ಧವಾಯಿತೇ ಎಂದು ಕೇಳಿದರು. ತಂಡ ಆಗಲಿಲ್ಲ ಎಂದೆ. ಅವರ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನೀವು ನೋಡಬೇಕಿತ್ತು. ಸದ್ಯ, ಸ್ಲೈಡ್ ಬದಲಿಸುವ ಕೆಲಸ ತಪ್ಪಿತು.

ಇವತ್ತು ಬೆಳಿಗ್ಗೆ ಆ ತರಬೇತಿಯ ಬಗ್ಗೆ ಅಭಿಪ್ರಾಯ ಕೇಳುವ ಫಾರಂ ಈಮೇಲಿನಲ್ಲಿ ಬಂದಿದೆ. ಐದಕ್ಕೆ ಎರಡು ಅಂಕ ಕೊಟ್ಟಿದ್ದೇನೆ. ಆ ಎರಡು ಅಂಕವೂ ಫೋಟೋ ಹುಡುಕಿ ತಂದದ್ದಕ್ಕೆ.