ಪರ–ವಿರೋಧ: ಹಣ ಕೊಟ್ಟು ಬರುವ ಗಂಡಸಿಗೂ ಶಿಕ್ಷೆ ಬೇಕೆ?

ವೇಶ್ಯಾವಾಟಿಕೆ ಮತ್ತು ಹೆಣ್ಣಿನ ಮೇಲಿನ ಹಿಂಸೆ ಕೊನೆಗಾಣಬೇಕಾದರೆ ಗಂಡಸರನ್ನು ಹೊಣೆಗಾರರನ್ನಾಗಿ ಮಾಡಬೇಕು ಎಂಬುದರಲ್ಲಿ ಬಹುಮಂದಿಗೆ ತಕರಾರಿಲ್ಲ. ಆ ಹೊಣೆ ಕಾನೂನಿನ ಶಿಕ್ಷೆಯ ರೂಪದಲ್ಲೇ ಬರಬೇಕೆ? ನಿವೃತ್ತ ಶಿಕ್ಷಕಿಯೊಬ್ಬರು ಮತ್ತು ಮೈಸೂರಿನ ವಕೀಲರೊಬ್ಬರು ಇಲ್ಲಿ ಬರೆದಿದ್ದಾರೆ.

ಪರ: ಮಾಲೆ ಹಾಕುವುದನ್ನು ಮೊದಲು ನಿಲ್ಲಿಸೋಣ

ಘಟಪ್ರಭೆಯ ದಂಡೆಯ ಒಂದು ಊರಿನ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದ್ದೇನೆ. ಅಲ್ಲಿ ವರ್ಷಕ್ಕೊಮ್ಮೆ ನನ್ನ ಎದೆ ಹಿಂಡುತ್ತಿದ್ದದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿ. ‘ತಂದೆಯ ಹೆಸರು’ ಎಂಬ ಸಾಲಿಗೆ ಬಂದಾಗ ತರಗತಿಯ ನಾಲ್ಕೈದು ಮಕ್ಕಳ ಪೆನ್ನು ನಿಂತುಬಿಡುತ್ತಿತ್ತು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ತಾಯಂದಿರ ಮಕ್ಕಳು ಅವರು. ಅಪ್ಪ ಯಾರೆಂದು ಊರಿಗೆಲ್ಲ ಗೊತ್ತು, ಅರ್ಜಿಯಲ್ಲಿ ಬರೆಯುವಂತಿಲ್ಲ.

ಒಂದು ವರ್ಷ, ಲೆಕ್ಕದಲ್ಲಿ ತರಗತಿಗೇ ಮೊದಲಿಗಳಾದ ಹುಡುಗಿ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ಅರ್ಜಿಯನ್ನೇ ನನ್ನ ಕಡೆ ತಿರುಗಿಸಿ “ನೀವೇ ಏನಾದರೂ ಬರೆಯಿರಿ ಅಕ್ಕೋರೇ” ಎಂದಳು. ನಾನು ತಾಯಿಯ ಹೆಸರು ಬರೆದೆ. ಮುಖ್ಯೋಪಾಧ್ಯಾಯರ ಕೋಣೆಯಿಂದ ಅದು ಕೆಂಪು ಗೆರೆ ಎಳೆಸಿಕೊಂಡು ವಾಪಸು ಬಂತು.

ಅದಾದ ಎರಡೇ ತಿಂಗಳಿಗೆ ಗಣರಾಜ್ಯೋತ್ಸವ. ಕಬ್ಬಿನ ಹೊಲ, ಗೊಬ್ಬರದ ಅಂಗಡಿ, ಸೊಸೈಟಿಯಲ್ಲಿ ನಿರ್ದೇಶಕನ ಕುರ್ಚಿ ಎಲ್ಲವೂ ಇದ್ದ ಆ ಮನುಷ್ಯ ಮುಖ್ಯ ಅತಿಥಿ. ಗಣಿತದಲ್ಲಿ ಹೆಚ್ಚು ಅಂಕ ತೆಗೆದವರಿಗೆ ಸ್ಟೀಲಿನ ತಟ್ಟೆ ಬಹುಮಾನ. ಹುಡುಗಿ ಎರಡೂ ಕೈಯೊಡ್ಡಿ ತಟ್ಟೆ ಇಸಿದುಕೊಂಡಳು, ಉಳಿದ ಮಕ್ಕಳಂತೆ ಬಗ್ಗಿ ಅವನ ಕಾಲು ಮುಟ್ಟಿದಳು. ಅವನು ಫೋಟೊ ತೆಗೆಯುವವನ ಕಡೆ ನೋಡುತ್ತಿದ್ದ. ಇಬ್ಬರ ಹುಬ್ಬೂ ಒಂದೇ ಅಚ್ಚು. ಮುಂದೆ ನೆಲದ ಮೇಲೆ ಸಾಲಾಗಿ ಕೂತಿದ್ದ ಗಂಡುಹುಡುಗರು ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡರು. ಅವನ ಕೊರಳಲ್ಲಿದ್ದ ಚೆಂಡುಹೂವಿನ ಮಾಲೆ ಹಾಕಿದವಳು ನಾನು.

ಆ ಹುಡುಗರು ಅವತ್ತು ಕಲಿತದ್ದೇನು? ಹೀಗೆ ಬದುಕಿದ ಗಂಡಸಿಗೆ ಏನೂ ಆಗುವುದಿಲ್ಲ, ಮೇಲಿಂದ ಮಾಲೆಯೂ ಬೀಳುತ್ತದೆ ಎಂದು. ನಾನು ವರ್ಷವಿಡೀ ಹೇಳಿದ ನೀತಿಪಾಠವನ್ನು ಆ ಐದು ನಿಮಿಷ ಅಳಿಸಿಹಾಕಿತು. ‘ಗಂಡಸರ ಜೊತೆ ಮಾತಾಡಿ, ಅವರನ್ನು ಬದಲಾಯಿಸಿ’ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಮಾತಾಡಿದ್ದೇನೆ. ಬೆನ್ನ ಹಿಂದೆ ಕಾನೂನಿಲ್ಲದ ಮಾತಿಗೆ ಹುಡುಗರು ತಲೆಯಾಡಿಸುತ್ತಾರೆ, ಕೇಳುವುದಿಲ್ಲ.

ಈಗ ಕಾನೂನು ನೋಡಿ. ಕರ್ನಾಟಕದ 1982ರ ದೇವದಾಸಿ ನಿಷೇಧ ಕಾಯ್ದೆ ಮುತ್ತು ಕಟ್ಟುವ ವಿಧಿಯಲ್ಲಿ ಭಾಗಿಯಾದವರಿಗೆ 3 ವರ್ಷದವರೆಗೆ ಜೈಲು ಎಂದಿತು. ಹೆತ್ತವರೋ ಬಂಧುಗಳೋ ಆದರೆ 2ರಿಂದ 5 ವರ್ಷ. ಸರಿ, ತಾಯಿಗೆ ಶಿಕ್ಷೆಯಾಯಿತು, ಅಜ್ಜಿಗೆ ಆಯಿತು. ಮುತ್ತು ಕಟ್ಟಿದ ಮೇಲೆ ದುಡ್ಡು ಕೊಟ್ಟು ಆ ಹುಡುಗಿಯ ಬಳಿಗೆ ಬಂದವನು ಎಲ್ಲಿ? ಆ ಕಾಯ್ದೆಯಲ್ಲಿ ಅವನ ಮಾತೇ ಇರಲಿಲ್ಲ. 2007-08ರ ಸಮೀಕ್ಷೆಯ ಹೊತ್ತಿಗೆ ರಾಜ್ಯದ ಪಟ್ಟಿಯಲ್ಲಿದ್ದ ಮಾಜಿ ದೇವದಾಸಿಯರು 46,660. ಒಬ್ಬೊಬ್ಬರ ಬಾಗಿಲಿಗೂ ಗಂಡಸು ಬಂದಿದ್ದಾನೆ. ಆ ಗಂಡಸರನ್ನು ಯಾರೂ ಎಣಿಸಿಲ್ಲ.

ಕೇಂದ್ರದ ಅನೈತಿಕ ವ್ಯವಹಾರ ತಡೆ ಕಾಯ್ದೆಯ 8ನೇ ಕಲಂ ಇನ್ನೂ ಹೊಟ್ಟೆ ಉರಿಸುತ್ತದೆ. ಸಾರ್ವಜನಿಕ ಜಾಗದಲ್ಲಿ ಕೈಸನ್ನೆ ಮಾಡಿ ಕರೆದ ಹೆಂಗಸಿಗೆ ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲಾಗಬಹುದು. ಅದೇ ತಪ್ಪನ್ನು ಗಂಡಸು ಮಾಡಿದರೆ ಹೆಚ್ಚೆಂದರೆ 3 ತಿಂಗಳು. ಇದನ್ನು ಬರೆದವರು, ಅಂಗೀಕರಿಸಿದವರು ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ದಾಳಿಯಲ್ಲಿ ಸಿಕ್ಕಿಬಿದ್ದ ಗಿರಾಕಿಗಳ ಮೇಲಿನ ಪ್ರಕರಣಗಳನ್ನು, ಕಾಯ್ದೆಯಲ್ಲಿ ಗಿರಾಕಿಗೆ ಶಿಕ್ಷೆ ಹೇಳಿಲ್ಲವೆಂಬ ಕಾರಣಕ್ಕೆ, ನಮ್ಮ ಹೈಕೋರ್ಟ್ ಮತ್ತೆ ಮತ್ತೆ ರದ್ದುಪಡಿಸಿದೆ. 2025ರಲ್ಲಿ ಕೇರಳ ಹೈಕೋರ್ಟ್ ಬೇರೆ ದಾರಿ ಹಿಡಿಯಿತು: ಲೈಂಗಿಕ ಕಾರ್ಯಕರ್ತೆಯನ್ನು ಸರಕೆಂದು ಕಾಣಲಾಗದು, ವೇಶ್ಯಾವಾಟಿಕೆಗೆ ಎಳೆಯುವವರನ್ನು ಶಿಕ್ಷಿಸುವ 5ನೇ ಕಲಂ ಅಡಿ ಗಿರಾಕಿಯ ಮೇಲೂ ಮೊಕದ್ದಮೆ ನಡೆಯಬಹುದು ಎಂದಿತು. ಕೊಳ್ಳುವವನಿಲ್ಲದೆ ಸಂತೆ ಕೂಡುವುದಿಲ್ಲ. ಇಷ್ಟು ಸರಳ ಮಾತನ್ನು ಸಂಸತ್ತು ಇನ್ನೂ ಒಪ್ಪಿಲ್ಲ. 2006ರ ತಿದ್ದುಪಡಿ ಮಸೂದೆಯಲ್ಲಿ, ಕಳ್ಳಸಾಗಣೆಗೆ ಸಿಕ್ಕಿದ ಹೆಣ್ಣನ್ನು ಬಳಸಲು ವೇಶ್ಯಾಗೃಹಕ್ಕೆ ಹೋಗುವವನಿಗೆ ಶಿಕ್ಷೆಯಿತ್ತು. ಆ ಮಸೂದೆ ಬಿದ್ದುಹೋಯಿತು.

ಸ್ವೀಡನ್ 1999ರಲ್ಲೇ ಕೊಳ್ಳುವವನನ್ನು ಅಪರಾಧಿ ಎಂದಿತು, ಹೆಂಗಸನ್ನು ಮುಟ್ಟಲಿಲ್ಲ. ನಾರ್ವೆ, ಐಸ್‌ಲ್ಯಾಂಡ್, 2016ರಲ್ಲಿ ಫ್ರಾನ್ಸ್ ಅದೇ ಹಾದಿಗೆ ಬಂದವು. ಕೊಳ್ಳುವವನಿಲ್ಲದೆ ಸಂತೆ ಕೂಡುವುದಿಲ್ಲ ಎಂದು ಅವರಿಗೆ ತಿಳಿಯಿತು.

‘ಅವಳೇ ಆರಿಸಿಕೊಂಡ ಕೆಲಸ’ ಎನ್ನುವವರು ಎದುರಾಗುತ್ತಾರೆ. ಅವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮ ಮನೆಯ ಮಗಳಿಗೆ ಈ ಆಯ್ಕೆಯನ್ನು ಕೊಡುತ್ತೀರಾ? ಇದುವರೆಗೆ ಒಬ್ಬರೂ ಹೌದು ಎಂದಿಲ್ಲ. ಗಂಡಸರನ್ನೆಲ್ಲ ಬೈಯುತ್ತೀರಿ ಎನ್ನುವವರಿಗೂ ಉತ್ತರವಿದೆ. ಮಾರಾಟವಾದ ಹೆಣ್ಣುಮಕ್ಕಳಿಗಾಗಿ ಮೈಸೂರಿನಲ್ಲಿ ‘ಒಡನಾಡಿ’ ಕಟ್ಟಿದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಇಬ್ಬರೂ ಗಂಡಸರೇ, ಪತ್ರಕರ್ತರಾಗಿದ್ದವರು. ಗಂಡಸು ಬರಬೇಕು. ಬರುವಾಗ ಗಿರಾಕಿಯ ಭುಜದ ಮೇಲಿಟ್ಟ ಕೈಯನ್ನು ತೆಗೆದು ಬರಬೇಕು.

2025ರಲ್ಲಿ ನಮ್ಮ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆ, ಈ ಮಕ್ಕಳು ತಂದೆಯ ಹೆಸರು ಬರೆಯಲೇಬೇಕೆಂಬ ಕಡ್ಡಾಯವನ್ನು ತೆಗೆಯಿತು. ತಂದೆಯನ್ನು ಗುರುತಿಸಿ ಆಸ್ತಿಯ ಹಕ್ಕು ಕೇಳುವ ದಾರಿಯನ್ನೂ ತೆರೆಯಿತು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನನ್ನ ಹುಡುಗಿಯ ವಯಸ್ಸು ಲೆಕ್ಕ ಹಾಕಿದೆ. ಎಲ್ಲಿದ್ದರೂ ಅವಳಿಗೀಗ ನಲವತ್ತರ ಮೇಲಾಗಿರಬೇಕು.

ವಿರೋಧ: ಲಾಠಿ ಬೀಳುವುದು ಅವಳ ಮೇಲೆಯೇ

ವಿರೋಧದ ಪಕ್ಷವನ್ನು ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಒಪ್ಪಿಕೊಂಡೆ. ಗಿರಾಕಿಯ ಮೇಲೆ ನನಗೆ ಮರುಕವೇನೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ವಿರೋಧ ಇರುವುದು ಶಿಕ್ಷೆಯನ್ನು ಜಾರಿ ಮಾಡುವ ಕೈಗಳ ಬಗ್ಗೆ.

ಗಂಡಸನ್ನು ಕಾನೂನು ಮುಟ್ಟುವುದೇ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಅನೈತಿಕ ವ್ಯವಹಾರ ತಡೆ ಕಾಯ್ದೆಯ 7ನೇ ಕಲಂ ನೋಡಿ. ದೇವಸ್ಥಾನ, ಶಾಲೆ, ಆಸ್ಪತ್ರೆಯಂಥ ಜಾಗಗಳ 200 ಮೀಟರ್ ಒಳಗೆ ವೇಶ್ಯಾವಾಟಿಕೆ ನಡೆದರೆ ಹೆಂಗಸಿನ ಜೊತೆಗೆ ಬಂದವನೂ ಅಪರಾಧಿಯೇ. ಕಳ್ಳಸಾಗಣೆಯಾದವಳೆಂದು ಗೊತ್ತಿದ್ದೂ ಬಳಸಿಕೊಂಡವನಿಗೆ 2013ರಲ್ಲಿ ಭಾರತೀಯ ದಂಡ ಸಂಹಿತೆಗೆ 370ಎ ಕಲಂ ಸೇರಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 144ನೇ ಕಲಂ. ಇದ್ದ ಕಲಂಗಳನ್ನೇ ಬಳಸದ ನಾವು ಇನ್ನೊಂದನ್ನು ಬರೆದು ಏನು ಮಾಡುತ್ತೇವೆ? ದೇವದಾಸಿ ಪದ್ಧತಿಯ ವಿಷಯವನ್ನು ನಾನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಅದಕ್ಕೆ ಬೇರೆಯೇ ಕಾಯ್ದೆ ಇದೆ.

ಹೆದರಿದ ಗಿರಾಕಿ ಬೆಳಕಿರುವ ಕಡೆ ನಿಲ್ಲುವುದಿಲ್ಲ. ಕತ್ತಲೆಗೆ ಬಾ, ಬೇಗ ಬಾ ಎನ್ನುತ್ತಾನೆ. ಅವನ ಮುಖ ನೋಡಿ, ಕುಡಿದಿದ್ದಾನೋ ಹೊಡೆಯುವವನೋ ಎಂದು ಅಳೆಯಲು ಹೆಂಗಸಿಗೆ ಸಿಗುವ ಆ ಎರಡು ನಿಮಿಷವೂ ಹೋಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಈ ಕೆಲಸದಲ್ಲಿರುವ ಹೆಂಗಸರೇ. ಮೈಸೂರಿನ ಆಶೋದಯ ಸಮಿತಿಯನ್ನು ನಡೆಸುವವರು ಅಂಥವರೇ. ಅವರನ್ನು ಒಮ್ಮೆಯೂ ಕೇಳದೆ ಅವರ ಉದ್ಧಾರದ ಕಾನೂನು ಬರೆಯಲು ಹೊರಡುವುದು ನನಗೆ ಸರಿಕಾಣುವುದಿಲ್ಲ. ಸ್ವೀಡನ್ನಿನ ಕಾನೂನನ್ನು ತರಬಹುದು, ಅಲ್ಲಿನ ಠಾಣೆಯನ್ನು ತರಲಾಗುವುದಿಲ್ಲ.

ನನ್ನ ಹತ್ತಿರ ಬಂದ ಒಂದು ಪ್ರಕರಣ ಹೇಳುತ್ತೇನೆ. ಬಸ್ ನಿಲ್ದಾಣದ ಹಿಂದಿನ ಒಂದು ವಸತಿಗೃಹದ ಮೇಲೆ ದಾಳಿಯಾಯಿತು. ಸಿಕ್ಕವರು ಒಬ್ಬ ಹೆಂಗಸು, ಒಬ್ಬ ಗಂಡಸು. ಗಂಡಸು ಸಂಜೆಯೊಳಗೆ ಬಿಡುಗಡೆಯಾಗಿ ಮನೆಗೆ ಹೋದ. ಆಕೆಯನ್ನು ‘ರಕ್ಷಣೆ’ಯ ಹೆಸರಿನಲ್ಲಿ ಸರ್ಕಾರಿ ಆಶ್ರಯ ಕೇಂದ್ರಕ್ಕೆ ಕಳಿಸಿದರು. ಅನೈತಿಕ ವ್ಯವಹಾರ ತಡೆ ಕಾಯ್ದೆಯ 17ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ವಿಚಾರಣೆ ಮುಗಿಸಿ 1ರಿಂದ 3 ವರ್ಷ ಅಲ್ಲೇ ಇರಿಸಬಹುದು. ಮೊದಲ ಭೇಟಿಯಲ್ಲಿ ಆಕೆ ಜಾಮೀನಿನ ಮಾತೆತ್ತಲಿಲ್ಲ. “ಸಾರ್, ಮಗನಿಗೆ ಇವತ್ತು ಶಾಲೆ ನಾಲ್ಕಕ್ಕೆ ಬಿಡುತ್ತದೆ. ಪಕ್ಕದ ಮನೆಯ ಅಕ್ಕನಿಗೆ ಫೋನ್ ಮಾಡುತ್ತೀರಾ?” ಎಂದಳು. ನಂಬರು ಬಾಯಿಪಾಠವಿತ್ತು. ಹೊರಗೆ ಬರಲು ಆಕೆಗೆ ಎಪ್ಪತ್ತು ದಿನ ಹಿಡಿಯಿತು. ಅಷ್ಟರಲ್ಲಿ ಬಾಡಿಗೆ ಮನೆ ಕೈಬಿಟ್ಟಿತ್ತು. ಅಕ್ಕಪಕ್ಕದವರಿಗೆಲ್ಲ ವಿಷಯ ಗೊತ್ತಾಗಿತ್ತು. ಗಿರಾಕಿಯನ್ನು ಹಿಡಿಯಲೆಂದೇ ನಾಳೆ ದಾಳಿ ಹೆಚ್ಚಾದರೂ ಪ್ರತಿ ದಾಳಿಯ ಕೋಣೆಯಲ್ಲಿ ಇಂಥ ಒಬ್ಬಳು ಇದ್ದೇ ಇರುತ್ತಾಳೆ.

ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 19ರಂದು ಹೇಳಿದ್ದೂ ಇದೇ ಹಿನ್ನೆಲೆಯಲ್ಲಿ. ದಾಳಿಯ ವೇಳೆ ಸ್ವಇಚ್ಛೆಯಿಂದಿರುವ ವಯಸ್ಕ ಹೆಂಗಸನ್ನು ಬಂಧಿಸಬೇಡಿ, ಪೀಡಿಸಬೇಡಿ, ಕಾಂಡೋಮನ್ನು ಅಪರಾಧದ ಸಾಕ್ಷ್ಯವಾಗಿ ನೋಡಬೇಡಿ ಎಂದಿತು. ಆ ಮೊಕದ್ದಮೆ ಶುರುವಾದದ್ದು 1999ರಲ್ಲಿ ಕೋಲ್ಕತ್ತದಲ್ಲಿ ಒಬ್ಬ ಲೈಂಗಿಕ ಕಾರ್ಯಕರ್ತೆಯ ಕೊಲೆಯಿಂದ.

ಗಂಡಸರೊಡನೆ ಮಾತಾಡಿದರೆ ಏನಾದೀತು ಎಂಬುದಕ್ಕೆ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ‘ಸಂವೇದನಾ ಪ್ಲಸ್’ ಎಂಬ ಕಾರ್ಯಕ್ರಮದ ಉದಾಹರಣೆ ಇದೆ. ಲೈಂಗಿಕ ಕಾರ್ಯಕರ್ತೆಯರನ್ನೂ ಅವರ ಪ್ರೇಮಿಗಳಾದ ಗಂಡಸರನ್ನೂ ಕೂರಿಸಿ ಹಿಂಸೆಯ ಬಗ್ಗೆ ಮಾತಾಡಿಸಿದರು. ಏಟು ತಿನ್ನುವುದು ಸಹಜ ಎಂಬ ಭಾವನೆ ಹೆಂಗಸರಲ್ಲಿ ಕಡಿಮೆಯಾಯಿತು, ಬಾಯಿಬಿಟ್ಟು ಹೇಳುವುದು ಹೆಚ್ಚಾಯಿತು. ಹೊಡೆತ ಮಾತ್ರ ಎಣಿಸಿದಂತೆ ಇಳಿಯಲಿಲ್ಲ. ನನ್ನ ವಾದಕ್ಕೆ ಇದು ಅರ್ಧ ಬಲವಷ್ಟೇ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಎಲ್ಲ ಗಂಡಸರನ್ನೂ ಜೈಲಿಗೆ ತಳ್ಳಿದರೆ ಎಲ್ಲವೂ ಸರಿಹೋಗುತ್ತದೆಂದು ನಂಬಿದವರೊಡನೆ ವಾದ ಕಷ್ಟ. ನನ್ನ ಕೋರಿಕೆ ಚಿಕ್ಕದು. 2006ರ ಮಸೂದೆಯಲ್ಲಿ ಹೆಂಗಸನ್ನು ಜೈಲಿಗೆ ಕಳಿಸುವ 8ನೇ ಕಲಂ ಅನ್ನು ತೆಗೆದುಹಾಕುವ ಪ್ರಸ್ತಾವವೂ ಇತ್ತು. ಮೊದಲು ಅದನ್ನು ತೆಗೆಯಲಿ. ಗಿರಾಕಿಯ ಪ್ರಶ್ನೆಯನ್ನು ಅದಾದ ಮೇಲೆ ಎತ್ತಿಕೊಂಡರೆ, ನಾನು ಆಗಲೂ ಈ ಪಕ್ಷದಲ್ಲೇ ನಿಂತಿರುತ್ತೇನೆಂದು ಮಾತು ಕೊಡಲಾರೆ. ನಾನು ಹೇಳಿದ ಆ ವಸತಿಗೃಹದ ಪ್ರಕರಣದಲ್ಲಿ ಗಂಡಸಿನ ಹೆಸರು ಎಫ್‌ಐಆರ್‌ನಲ್ಲಿ ಇತ್ತು. ಆರೋಪಪಟ್ಟಿ ಕೈಗೆ ಬಂದಾಗ ಇರಲಿಲ್ಲ. ಅದನ್ನು ಮೊದಲು ಗಮನಿಸಿದ್ದು ಆಕೆ.