ನನ್ನ ಈಮೇಲ್‌ಗಳನ್ನು ನಾನೇ ಓದಿದ ದಿನ

ಅಂದು ನನ್ನ ಕಂಪ್ಯೂಟರ್ ಕೆಟ್ಟಿತ್ತು. ತಂಡದ ಕಿರಿಯ ಸಹೋದ್ಯೋಗಿಯೊಬ್ಬ ರಜೆಯಲ್ಲಿದ್ದ. ಫೋನಿನಲ್ಲಿ ಅವನನ್ನು ಕೇಳಿಕೊಂಡು ಅವನ ಕುರ್ಚಿಯಲ್ಲಿ ಕುಳಿತೆ, ಅವನಿಗೆ ಬಂದ ಈಮೇಲ್‌ಗಳ ನಡುವೆ ಒಂದು ಕಡತ ಹುಡುಕತೊಡಗಿದೆ. ಕಡತಕ್ಕಿಂತ ಮೊದಲು ನಾನೇ ಸಿಕ್ಕಿಬಿದ್ದೆ.

ಹಿಂದಿನ ವಾರ ಒಂದೇ ದಿನ ಅವನಿಗೆ 11 ಈಮೇಲ್ ಕಳುಹಿಸಿದ್ದೆ. ಬೆಳಿಗ್ಗೆ ‘ವರದಿ ಎರಡು ಪುಟ ಮೀರಬಾರದು’. ಮಧ್ಯಾಹ್ನ ‘ಕಳೆದ ಮೂರು ವರ್ಷಗಳ ವಿವರವೂ ಇರಲಿ’. ಸಂಜೆ ಆರಕ್ಕೆ ‘ಇನ್ನೂ ಮುಗಿಯಲಿಲ್ಲವೇ?’ ಬರೆಯುವಾಗ ಒಂದೊಂದೂ ನ್ಯಾಯವಾಗಿಯೇ ಇತ್ತು. ಒಂದರ ಕೆಳಗೊಂದು ಸಾಲಾಗಿ ಓದಿದಾಗ, ಈ ಮನುಷ್ಯನ ಕೈಕೆಳಗೆ ಕೆಲಸ ಮಾಡುವವರ ಪಾಡು ಬೇಡ ಎನ್ನಿಸಿತು. ‘ಹುಡುಗ ಒಳ್ಳೆಯವನು, ಆದರೆ ನಿಧಾನ’ ಎಂದು ಮೇಲಿನವರ ಬಳಿ ನಾನು ಎರಡು ಸಲ ಹೇಳಿದ್ದೆ. ಅದೂ ಸೌಮ್ಯವಾಗಿ, ದೊಡ್ಡ ಮನಸ್ಸಿನವನಂತೆ.

ನಾಯಕತ್ವದ ತರಬೇತಿಗಳಲ್ಲಿ ತಪ್ಪದೆ ಬರುವ ಬುದ್ಧಿಮಾತು ಒಂದಿದೆ: ಎದುರಿನವರ ಜಾಗದಲ್ಲಿ ನಿಂತು ಯೋಚಿಸಿ. ನಾನು ಇದನ್ನು ವರ್ಷಗಟ್ಟಲೆ ಪಾಲಿಸಿದ್ದೇನೆ, ಪಾಲಿಸುತ್ತೇನೆಂದು ಬೀಗಿಯೂ ಇದ್ದೇನೆ. ಈಗ ನೋಡಿದರೆ, ಅವನ ಜಾಗದಲ್ಲಿ ನಾನು ಕೂರಿಸುತ್ತಿದ್ದುದು ನನ್ನದೇ ತಲೆಯನ್ನು. ಮೊಲ ಹಿಡಿದವನು ಎಲ್ಲಿ ನಿಂತು ಎಣಿಸಿದರೂ ಅದಕ್ಕೆ ಮೂರೇ ಕಾಲು.

ಇದು ನನ್ನೊಬ್ಬನ ಕಥೆಯೇನೂ ಅಲ್ಲ. ತಾಲ್ ಎಯಾಲ್, ಮೇರಿ ಸ್ಟೆಫೆಲ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರು 25 ಪ್ರಯೋಗಗಳನ್ನು ನಡೆಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಇನ್ನೊಬ್ಬರ ಮನಸ್ಸಿನಲ್ಲೇನಿದೆ ಎಂದು ಅವರ ಜಾಗದಲ್ಲಿ ನಿಂತು ಊಹಿಸಿದವರ ಊಹೆ, ಹಾಗೆ ನಿಲ್ಲದವರ ಊಹೆಗಿಂತ ಹೆಚ್ಚು ಸರಿಯಾಗಿರಲಿಲ್ಲ. ನಿಖರತೆ ಹೆಚ್ಚಿದ್ದು ಎದುರಿನವರನ್ನು ನೇರವಾಗಿ ಮಾತನಾಡಿಸಿ ತಿಳಿದುಕೊಂಡಾಗ. ಇಷ್ಟು ಸರಳ ಸಂಗತಿಗೆ 25 ಪ್ರಯೋಗ ಬೇಕಿತ್ತೇ ಎಂದು ನಗಬಹುದು. ನಗುವ ಮೊದಲು, ಕಳೆದ ತಿಂಗಳು ನಿಮ್ಮ ತಂಡದಲ್ಲಿ ಎಷ್ಟು ಮಂದಿಯನ್ನು ಹಾಗೆ ಕೇಳಿದ್ದೀರಿ ಎಂದು ಲೆಕ್ಕ ಹಾಕಿ. ನನ್ನ ಲೆಕ್ಕ ಸೊನ್ನೆ.

ಮೇಲೆ ಹೋದಷ್ಟೂ ಕೇಳುವ ಅಭ್ಯಾಸ ಏಕೆ ಬಿಟ್ಟುಹೋಗುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರಜ್ಞ ಆಡಂ ಗಲಿನ್‌ಸ್ಕಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸುಳಿವು ಕೊಡುತ್ತದೆ. ಕೆಲವರಿಗೆ ತಾವು ಮತ್ತೊಬ್ಬರ ಮೇಲೆ ಅಧಿಕಾರ ನಡೆಸಿದ ಸಂದರ್ಭವನ್ನು, ಉಳಿದವರಿಗೆ ತಮ್ಮ ಮೇಲೆ ಬೇರೆಯವರು ಅಧಿಕಾರ ನಡೆಸಿದ ಸಂದರ್ಭವನ್ನು ನೆನೆದು ಬರೆಯಲು ಹೇಳಿದರು. ಆಮೇಲೆ ಹಣೆಯ ಮೇಲೆ ಇಂಗ್ಲಿಷಿನ ‘ಇ’ ಅಕ್ಷರವನ್ನು ಬೇಗನೆ ಬರೆದುಕೊಳ್ಳಲು ಹೇಳಿದರು. ಎದುರಿಗಿರುವವನಿಗೆ ಉಲ್ಟಾ ಕಾಣುವಂತೆ, ತನಗೆ ತಾನೇ ಓದಿಕೊಳ್ಳುವಂತೆ ಬರೆದವರು ಅಧಿಕಾರ ನೆನೆದವರಲ್ಲಿ ಶೇಕಡ 33, ಇನ್ನೊಂದು ಗುಂಪಿನಲ್ಲಿ ಶೇಕಡ 12. ನಿಜವಾದ ಅಧಿಕಾರವೂ ಅಲ್ಲ, ಅದರ ನೆನಪು ಮಾತ್ರ! ದಿನವೂ ಸಹಿ ಹಾಕಿಯೇ ಕೂರುವವರ ಹಣೆಬರಹ ಹೇಗಿರಬಹುದೋ.

ಹಾಗೆಂದು ಕಲ್ಪನೆಯೇ ದಂಡ ಎನ್ನಲಾರೆ. ಕಲ್ಪನೆ ನಮ್ಮನ್ನೇ ಹೊರಗಿನಿಂದ ನೋಡಲು ಬಳಕೆಯಾದರೆ ಕೆಲಸಕ್ಕೆ ಬರುತ್ತದೆ. 1985ರಲ್ಲಿ ಇಂಟೆಲ್ ಕಂಪನಿಯ ಮೆಮೊರಿ ಚಿಪ್ ವ್ಯಾಪಾರ ಜಪಾನಿನ ಪೈಪೋಟಿಗೆ ಸಿಕ್ಕಿ ನೆಲಕಚ್ಚುತ್ತಿತ್ತು. ಕಂಪನಿ ಹುಟ್ಟಿದ್ದೇ ಆ ಚಿಪ್‌ಗಳಿಗಾಗಿ; ಬಿಡಲು ಯಾರಿಗೂ ಮನಸ್ಸಿಲ್ಲ. ಅಧ್ಯಕ್ಷ ಆಂಡಿ ಗ್ರೋವ್ ಕಿಟಕಿಯಿಂದ ದೂರದ ಜೈಂಟ್ ವೀಲ್ ತಿರುಗುವುದನ್ನು ನೋಡುತ್ತಿದ್ದವರು ಕಂಪನಿಯ ಸಂಸ್ಥಾಪಕರಲ್ಲೊಬ್ಬರಾದ ಗಾರ್ಡನ್ ಮೂರ್ ಕಡೆ ತಿರುಗಿ, ನಮ್ಮನ್ನು ತೆಗೆದುಹಾಕಿ ಹೊಸಬನನ್ನು ತಂದರೆ ಅವನೇನು ಮಾಡುತ್ತಾನೆ ಎಂದು ಕೇಳಿದರು. ಮೆಮೊರಿಯಿಂದ ಹೊರಬರುತ್ತಾನೆ ಎಂದರು ಮೂರ್. ಹಾಗಿದ್ದರೆ ನಾವೇ ಬಾಗಿಲಾಚೆ ಹೋಗಿ, ಮರಳಿ ಬಂದು ಆ ಕೆಲಸ ಮಾಡಬಾರದೇಕೆ ಎಂದರು ಗ್ರೋವ್. ಇಂಟೆಲ್ ಕಂಪ್ಯೂಟರಿನ ಮಿದುಳಿನಂಥ ಮೈಕ್ರೊಪ್ರೊಸೆಸರ್ ಚಿಪ್‌ಗಳ ಕಡೆಗೆ ಹೊರಳಿದ್ದು ಹೀಗೆ. ಆದರೆ ಆ ಬಾಗಿಲಿನಿಂದ ಹೊರಗೆ ಹೋದವರು ಅವರಿಬ್ಬರೇ ಅಲ್ಲ. ಸಾವಿರಾರು ನೌಕರರೂ ಕೆಲಸ ಕಳೆದುಕೊಂಡರು, ಅವರು ಮರಳಿ ಬರಲಿಲ್ಲ. ಈ ಕಥೆಯನ್ನು ಹೇಳುವವರು ಆ ಭಾಗವನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ.

ನಾನಂತೂ ಕಂಪನಿ ಉಳಿಸುವ ಮಟ್ಟದವನಲ್ಲ. ರಜೆ ಮುಗಿಸಿ ಬಂದ ಹುಡುಗನ ಕ್ಷಮೆ ಕೇಳಿದೆ, ‘ನಿಧಾನ’ ಎಂದಿದ್ದನ್ನು ಮೇಲಿನವರ ಬಳಿ ಹೋಗಿ ಹಿಂದಕ್ಕೆ ಪಡೆದೆ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟವಾಯಿತು. ಅಂದಿನಿಂದ ವಾರಕ್ಕೊಮ್ಮೆ ತಂಡದ ಒಬ್ಬೊಬ್ಬರನ್ನೂ ಕೂರಿಸಿಕೊಂಡು, ‘ಈ ವಾರ ನನ್ನಿಂದ ನಿಮಗೆ ಏನು ತೊಂದರೆಯಾಯಿತು?’ ಎಂದು ಕೇಳುತ್ತಿದ್ದೇನೆ. ಮೊದಲ ಮೂರು ವಾರ ಎಲ್ಲರದೂ ಒಂದೇ ಉತ್ತರ: ‘ಏನೂ ಇಲ್ಲ ಸರ್.’ ಯಾರು ತಾನೇ ನಂಬಿಯಾರು, ಹೇಳಿ?

ನಾಲ್ಕನೆಯ ವಾರ ಅದೇ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಸರ್, ಈ ಪ್ರಶ್ನೆ ಕೇಳಿದ ತಕ್ಷಣ ನೀವು ಗಡಿಯಾರ ನೋಡುತ್ತೀರಿ.’

ನನಗೆ ಅಂಥ ಅಭ್ಯಾಸವಿದೆಯೇ ಎಂದು ಸಂಜೆ ಮನೆಯಲ್ಲಿ ಹೆಂಡತಿಯನ್ನು ವಿಚಾರಿಸಿದೆ.

‘ಈಗಲೂ ನೋಡಿದಿರಿ’ ಎಂದಳು.