ಕಾವಿಗೆ ಹೆಡ್ ಇಲ್ಲ

ಬೆಳಗಾವಿ ಕಡೆಯ ಒಂದು ಸರ್ಕಾರಿ ವರ್ಕ್‌ಶಾಪಿನಲ್ಲಿ ಸುತ್ತಿಗೆಯ ಕಾವು, ಅಂದರೆ ಕಟ್ಟಿಗೆಯ ಹಿಡಿ, ಮುರಿದರೆ ಬಡಗೇರನನ್ನು ಕರೆಯುವುದಿಲ್ಲ, ಸಮಿತಿ ಕರೆಯುತ್ತಾರೆ. ಸಾಮಾನಿನ ಲೆಕ್ಕ ಬರೆಯುವ ಡೆಡ್‌ಸ್ಟಾಕ್ ರಜಿಸ್ಟರಿನ ಪ್ರಕಾರ ತಲೆ, ಕಾವು ಎರಡೂ ಸೇರಿ ಒಂದು ನಗ. ನಗ ಮುರಿದಿದೆ ಅಂದರೆ ಮುರಿದಿದೆ. ಮೂವರು ಸಾಹೇಬರು ಬಂದು, ಇನ್ನೂ ಮೂವತ್ತು ವರ್ಷ ಬಾಳುವ ಉಕ್ಕಿನ ತಲೆಯನ್ನು ಹೊರಳಿಸಿ ನೋಡಿ, ‘ದುರಸ್ತಿಗೆ ಯೋಗ್ಯವಿಲ್ಲ’ ಎಂದು ಸಹಿ ಮಾಡಿ, ಚಹಾ ಕುಡಿದು ಹೋಗುತ್ತಾರೆ. ಆ ಚಹಾ-ಭಜಿಯ ಬಿಲ್ಲಿನಲ್ಲಿ ಒಂದು ಜಾಲಿ ಕಾವು ಬರುತ್ತಿತ್ತು.

“ಸಾಹೇಬ್ರ, ಕಾವಷ್ಟ ಹಾಕಿಸಿದ್ರ ನಡೀತೈತ್ರಿ.”

“ಕಾವಿಗೆ ಹೆಡ್ ಇಲ್ಲೋ ಮಿಸ್ತ್ರಿ. ಹೊಸಾದಕ್ಕ ಐತಿ.”

ಸಾಹೇಬರು ಹೇಳಿದ್ದು ಅನುದಾನದ ಹೆಡ್, ಅಂದರೆ ಖರ್ಚು ಬರೆಯುವ ಬಾಬತ್ತು. ಮಿಸ್ತ್ರಿ ಮಾತ್ರ ತನ್ನ ಕೈಯಲ್ಲಿದ್ದ ಹೆಡ್ ನೋಡುತ್ತ ನಿಂತ.

ಕಾವು ಹಾಕುವುದು ಅರ್ಧ ತಾಸಿನ ಕೆಲಸ. ಒಳಗೆ ಸಿಕ್ಕಿಕೊಂಡ ತುಂಡಿಗೆ ನಾಲ್ಕು ತೂತು ಕೊರೆದು ಹೊರಗೆ ಬಡಿಯಬೇಕು. ಬೆಂಕಿಗೆ ಹಾಕಿ ಸುಟ್ಟರೆ ತಲೆಯ ಹದ ಹೋಗುತ್ತದೆ. ಎಳೆ ಉದ್ದಕ್ಕೆ ಓಡಿದ, ಚೆನ್ನಾಗಿ ಒಣಗಿದ ಕಟ್ಟಿಗೆ ಆರಿಸಿ, ತುದಿಗೆ ಗರಗಸದಿಂದ ಒಂದು ಸೀಳು ಹಾಕಿ, ತಲೆಗೆ ತೂರಿಸಿ. ಆಮೇಲೆ ತಲೆ ಕೆಳಗಾಗಿ ಗಾಳಿಯಲ್ಲಿ ಹಿಡಿದು ಕಾವಿನ ಬುಡಕ್ಕೆ ಮರದ ಕೊಡತಿಯಿಂದ ಹೊಡೆಯಿರಿ. ತಲೆ ತನ್ನ ಭಾರಕ್ಕೆ ಕೆಳಗೆ ಬೀಳಬೇಕು ಅನ್ನಿಸುತ್ತದೆ, ಆದರೆ ಒಂದೊಂದು ಏಟಿಗೂ ಕಾವಿನ ಮೇಲೆ ಹತ್ತುತ್ತದೆ. ಕೊನೆಗೆ ಸೀಳಿಗೆ ಬೆಣೆ. ಬಿಗಿಯಾಗಲಿ ಎಂದು ನೀರಲ್ಲಿ ನೆನೆಸುವವರಿದ್ದಾರೆ. ಅಂದಿಗೆ ಬಿಗಿ, ಕಟ್ಟಿಗೆ ಒಣಗಿದ ಮೇಲೆ ಮೊದಲಿಗಿಂತ ಸಡಿಲು. ನೀರಿನ ಬದಲು ಅಗಸೆ ಎಣ್ಣೆ ಕುಡಿಸಿ.

ಇನ್ನು ಫೈಲಿನ, ಅಂದರೆ ಲೋಹ ಉಜ್ಜುವ ಅರದ, ಪ್ರಕರಣ. ‘ಹಲ್ಲು ಕಟ್ಟಿಕೊಂಡ ಫೈಲ್, 5 ನಗ’ ಎಂದು ವರ್ಕ್‌ಶಾಪಿನವರು ಬರೆದರು. ಮೇಲಿನ ಕಚೇರಿ ಅದನ್ನು ರೆಕಾರ್ಡ್ ರೂಮಿಗೆ ಕಳಿಸಿತು. ಅಲ್ಲಿಂದ ‘ಸದರಿ ಕಡತಗಳ ಪುಟಸಂಖ್ಯೆ ತಿಳಿಸುವುದು’ ಎಂಬ ಉತ್ತರ ಬಂತು. ಪತ್ರ ಓಡಾಡುವಷ್ಟರಲ್ಲಿ ಐದೂ ಅರಗಳನ್ನು ಹತ್ತು ಸಲ ಹದಕ್ಕೆ ತರಬಹುದಿತ್ತು. ವೈರ್ ಬ್ರಶ್ಶನ್ನು ಹಲ್ಲಿನ ಓಟದ ಗುಂಟ ಎಳೆಯಬೇಕು, ಅಡ್ಡ ಎಳೆಯಬಾರದು. ಕಚ್ಚಿ ಕೂತ ಅಲ್ಯೂಮಿನಿಯಮ್ಮನ್ನು ಹಿತ್ತಾಳೆ ಪಟ್ಟಿಯ ತುದಿಯಿಂದ ಕೆದಕಬೇಕು. ಸೀಮೆಎಣ್ಣೆಯಿಂದ ಜಿಡ್ಡು ತೆಗೆದು, ಒಂದು ರಾತ್ರಿ ವಿನೆಗರಿನಲ್ಲಿ ಮುಳುಗಿಸಿಡಿ. ಆಮ್ಲ ತುಕ್ಕು ತಿಂದು ಹಲ್ಲಿಗೆ ಒಂದಿಷ್ಟು ಕಚ್ಚು ಕೊಡುತ್ತದೆ. ಬೆಳಿಗ್ಗೆ ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಕೈ ಸವರಿ. ಸೋಡಾ ಮರೆತರೆ ಮತ್ತೆ ತುಕ್ಕು. ಹಲ್ಲು ಪೂರ್ತಿ ಸವೆದು ಕನ್ನಡಿಯಂತಾದ ಅರಕ್ಕೆ ಈ ಔಷಧ ನಾಟುವುದಿಲ್ಲ.

ಡ್ರಿಲ್ ಬಿಟ್ ಮೊಂಡಾದರೆ ತುದಿಯ ಕೋನ 118 ಡಿಗ್ರಿ ಆಗುವಂತೆ ಮಸೆಯಬೇಕು, ಎರಡೂ ತುಟಿ, ಅಂದರೆ ಕೊರೆಯುವ ಅಂಚು, ಒಂದೇ ಉದ್ದ ಇರಬೇಕು. ಇಲ್ಲದಿದ್ದರೆ 10 ಎಂಎಂ ಬಿಟ್ ತನಗಿಂತ ದೊಡ್ಡ ತೂತು ಕೊರೆಯುತ್ತದೆ. ಡ್ರಿಲ್ ಮಷಿನ್ ಕಿಡಿ ಕಾರಿ ನಿಂತಿತೆ? ಮೊದಲು ಮೋಟರಿನೊಳಗಿನ ಕಾರ್ಬನ್ ಬ್ರಶ್ ನೋಡಿ. ಸವೆದಿದ್ದರೆ ಜೋಡಿಯನ್ನೇ ಬದಲಿಸಿ, ಒಂದನ್ನಷ್ಟೇ ಅಲ್ಲ. ಸಾಮಾನು ಕಚ್ಚಿ ಹಿಡಿಯುವ ಬೆಂಚ್ ವೈಸಿನ ಹಲ್ಲಿನ ಪಟ್ಟಿ ಎರಡು ಸ್ಕ್ರೂ ಮೇಲೆ ನಿಂತಿರುತ್ತದೆ. ಒಳಗಿನ ನಟ್ ಸವೆದಿದ್ದರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಯಾವ ಲೇಥಿನವನಾದರೂ ಹೊಸದು ಕಡೆದುಕೊಡುತ್ತಾನೆ. ಪಂಪಿನ ಬಿಡಿಭಾಗ ಎರಕ ಹೊಯ್ದು ಊರೂರಿಗೆ ಕಳಿಸುವ ಊರಿದು. ಇಲ್ಲೇ ಒಂದು ನಟ್ಟಿಗಾಗಿ ಇಡೀ ವೈಸ್ ಗುಜರಿಗೆ ಹೋಗುವುದೆಂದರೆ, ಗೋಕಾಕದಲ್ಲಿ ಕರದಂಟು ಸಿಗಲಿಲ್ಲವೆಂದು ಬೇರೆ ರಾಜ್ಯಕ್ಕೆ ಟೆಂಡರ್ ಕರೆದಂತೆ.

ಹಾಗಂತ ಸಮಿತಿಯವರು ಎಲ್ಲವನ್ನೂ ಎಸೆಯುತ್ತಾರೆ ಅನ್ನಬೇಡಿ. ತಲೆ ಅಣಬೆಯಂತೆ ಅರಳಿದ ಚಾಣಗಳು, ಅಂದರೆ ಕಬ್ಬಿಣದ ಉಳಿಗಳು, ರಜಿಸ್ಟರಿನಲ್ಲಿ ‘ಸುಸ್ಥಿತಿ’. ಆ ತಲೆಯ ಅಂಚನ್ನು ಸಾಣೆ ಗ್ರೈಂಡರಿಗೆ ಹಿಡಿದು ಓರೆ ಮಾಡಿದರೆ ಕೆಲಸ ಮುಗಿಯಿತು. ಮಾಡದಿದ್ದರೆ ಚೂರು ಸಿಡಿದು ಕಣ್ಣಿಗೆ.

ಗ್ರೈಂಡರಿನದೇ ಬೇರೆ ಕಥೆ. ಅದರ ಕಲ್ಲನ್ನು ಬಿಚ್ಚಿ, ಬೆರಳಿಗೆ ತೂಗುಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಇಲ್ಲಿಯದು ಒಡೆದ ಗಡಿಗೆಯಂತೆ ಮಂದ ಸದ್ದು ಮಾಡುತ್ತದೆ. ಬಿರುಕು ಬಿಟ್ಟಿದೆ. ದುರಸ್ತಿಯೇ ಇಲ್ಲದ, ಅಂದೇ ಒಡೆದು ಬಿಸಾಡಬೇಕಾದ ಸಾಮಾನೆಂದರೆ ಇದೊಂದೇ. ಸಮಿತಿ ಅದನ್ನೂ ಪರಿಶೀಲಿಸಿತು. ಎರಡೂ ಅರ್ಧ ಕೂಡಿಕೊಂಡೇ ಇದ್ದವು, ನಗ ಒಂದೇ ಇತ್ತು, ‘ಚಾಲ್ತಿಯಲ್ಲಿದೆ’ ಎಂದು ಬರೆದರು. ಇವತ್ತಿಗೂ ತಿರುಗುತ್ತಿದೆ. ಸ್ವಿಚ್ ಹಾಕುವಾಗ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ಸರೀರಿ.